ನೋವಿಲ್ಲದ ಗಂಟು: ಮೃದು ಅಂಗಾಂಶದ ಕ್ಯಾನ್ಸರಿನ ಪತ್ತೆ ಮತ್ತು ಚಿಕಿತ್ಸೆ



ಕುರ್ಚಿಯ ಮೇಲೆ ಕುಳಿತು ನಿಮ್ಮ ತೊಡೆಯನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡಿ. ಮೇಲೆ ಚರ್ಮ, ಅದರಡಿಯಲ್ಲಿ ಕೊಬ್ಬಿನ ಪದರ, ಅದಕ್ಕೂ ಕೆಳಗೆ ಬಿಗಿಯಾದ ಸ್ನಾಯು. ಸ್ನಾಯುಗಳ ನಡುವೆ ರಕ್ತನಾಳಗಳೂ ನರಗಳೂ ಹಾದುಹೋಗುತ್ತವೆ. ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಿವೆ. ಇವನ್ನೆಲ್ಲ ಸುತ್ತಿ ಹಿಡಿದಿರುವ ನಾರಿನ ಹೊದಿಕೆಯೂ ಇದೆ. ಕೊಬ್ಬು, ಸ್ನಾಯು, ನರ, ನಾಳ, ನಾರು ಇವುಗಳಿಗೆ ಒಟ್ಟಾಗಿ ಮೃದು ಅಂಗಾಂಶ ಎಂದು ಹೆಸರು. ಇವುಗಳಲ್ಲಿ ಹುಟ್ಟುವ ಕ್ಯಾನ್ಸರಿಗೆ 'ಮೃದು ಅಂಗಾಂಶದ ಸಾರ್ಕೋಮಾ' ಎನ್ನುತ್ತಾರೆ. ಮಾಂಸ ಎಂಬ ಅರ್ಥದ 'ಸಾರ್ಕ್ಸ್' ಎಂಬ ಗ್ರೀಕ್ ಪದದಿಂದ ಬಂದ ಹೆಸರಿದು.

ಕ್ಯಾನ್ಸರ್ ಎಂದೊಡನೆ ನಮಗೆ ಬಾಯಿ, ಸ್ತನ, ಶ್ವಾಸಕೋಶ, ಗರ್ಭಕೋಶದ ಕೊರಳು ನೆನಪಿಗೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಅಂಗಗಳ ಒಳಮೈ ಅಥವಾ ಹೊರಮೈಯನ್ನು ಹೊದ್ದ ಜೀವಕೋಶಗಳಲ್ಲಿ ಹುಟ್ಟುವಂಥವು; ಅವುಗಳಿಗೆ ಕಾರ್ಸಿನೋಮಾ ಎಂದು ಹೆಸರು. ಸಾರ್ಕೋಮಾ ಹಾಗಲ್ಲ. ಅದು ದೇಹದ ಕಟ್ಟಡಕ್ಕೆ ಬಳಸಿದ ಸಾಮಗ್ರಿಯಲ್ಲೇ ಹುಟ್ಟುತ್ತದೆ. ಆದ್ದರಿಂದ ದೇಹದ ಯಾವ ಭಾಗದಲ್ಲಾದರೂ ಕಾಣಿಸಿಕೊಳ್ಳಬಹುದು. ಅರ್ಧಕ್ಕಿಂತ ಹೆಚ್ಚಿನವು ಕೈಕಾಲುಗಳಲ್ಲಿ, ಅದರಲ್ಲೂ ತೊಡೆಯಲ್ಲಿ ಹೆಚ್ಚು.

ಪರದೆಯ ಮೇಲಿನ ಚರ್ಚೆಯಲ್ಲಿ ವೈದ್ಯರು ಒಂದು ಮಾತು ಹೇಳಿ ಮುಂದಿನ ಮಾತಿಗೆ ಹೋಗಿಬಿಡುತ್ತಾರೆ. ನೋಡುವವರಿಗೆ ನಿಂತು ಯೋಚಿಸಲು ಸಮಯವಿರುವುದಿಲ್ಲ. ಪುಟದಲ್ಲಿ ಆ ತೊಂದರೆಯಿಲ್ಲ. ನಾನು ವೈದ್ಯನಲ್ಲ, ವಿಜ್ಞಾನ ಓದಿ ಕಾರ್ಯಕ್ರಮ ನಿರ್ಮಾಣಕ್ಕೆ ಬಂದವನು. ಆದ್ದರಿಂದ ಇಲ್ಲಿ ಯಾರಿಗೂ ಚಿಕಿತ್ಸೆ ಹೇಳುತ್ತಿಲ್ಲ. ಈ ರೋಗವನ್ನು ಕುರಿತ ಒಂದು ಮುಖ್ಯ ವಿಷಯವನ್ನು ಮಾತ್ರ ನಿಮಗೆ ಬಿಡಿಸಿ ಹೇಳಬೇಕೆಂದಿದ್ದೇನೆ. ಈ ರೋಗದಲ್ಲಿ ಯಾವ ಪರೀಕ್ಷೆ, ಯಾವ ಚಿಕಿತ್ಸೆ ಎಂಬುದು ಎಷ್ಟು ಮುಖ್ಯವೋ, ಯಾವುದು ಮೊದಲು, ಯಾವುದು ಆಮೇಲೆ ಎಂಬುದೂ ಅಷ್ಟೇ ಮುಖ್ಯ. ಮೊದಲು ಚಿತ್ರ, ಆಮೇಲೆ ಸೂಜಿ, ಕೊನೆಗೆ ಕತ್ತಿ. ಈ ಕ್ರಮ ತಪ್ಪಿದರೆ ಉಳಿಯಬಹುದಾಗಿದ್ದ ಕಾಲು ಹೋಗಬಹುದು. ಕೆಲವೊಮ್ಮೆ ಜೀವವೇ ಹೋಗಬಹುದು.

ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ

ಮೊದಲಿಗೆ ಒಂದು ಸಮಾಧಾನದ ಮಾತು. ಮೈಮೇಲೆ ಕಾಣುವ ಗಂಟುಗಳಲ್ಲಿ ಬಹುಪಾಲು ನಿರಪಾಯಕಾರಿ. ಚರ್ಮದಡಿಯಲ್ಲಿ ಬೆರಳಿಗೆ ಸಿಕ್ಕಿ ಅತ್ತಿತ್ತ ಜಾರುವ ಕೊಬ್ಬಿನ ಗಂಟು ನಿಮ್ಮ ಮನೆಯಲ್ಲೂ ಯಾರಿಗಾದರೂ ಇದ್ದೀತು. ಅದಕ್ಕೆ ಲೈಪೋಮಾ ಎನ್ನುತ್ತಾರೆ. ಇಂಥ ನಿರಪಾಯದ ಗಂಟುಗಳು ಸಾರ್ಕೋಮಾಗಳಿಗಿಂತ ನೂರು ಪಟ್ಟಿಗೂ ಹೆಚ್ಚು. ವಯಸ್ಕರಿಗೆ ಬರುವ ಎಲ್ಲ ಕ್ಯಾನ್ಸರುಗಳನ್ನು ಲೆಕ್ಕ ಹಾಕಿದರೆ ಮೃದು ಅಂಗಾಂಶದ ಸಾರ್ಕೋಮಾದ ಪಾಲು ನೂರಕ್ಕೆ ಒಂದು ಮಾತ್ರ.

ಆದರೆ ಈ ಅಪರೂಪವೇ ಅಪಾಯಕ್ಕೂ ಕಾರಣ. ಊರಿನ ವೈದ್ಯರು ತಮ್ಮ ವೃತ್ತಿಜೀವನದಲ್ಲಿ ಸಾವಿರಾರು ಗಂಟುಗಳನ್ನು ನೋಡುತ್ತಾರೆ. ಸಾರ್ಕೋಮಾವನ್ನು ಒಂದೋ ಎರಡೋ ಸಲ ನೋಡಿಯಾರು. ಹಾಗಾಗಿ ಅದು ಲೈಪೋಮಾದ ವೇಷದಲ್ಲಿ ಕಣ್ತಪ್ಪಿಸಿ ಹೋಗುತ್ತದೆ. ಇನ್ನೊಂದು ಸಂಗತಿ: ಇದು ಮುದುಕರಿಗೆ ಮಾತ್ರ ಬರುವ ರೋಗವಲ್ಲ. ಸ್ನಾಯುಕೋಶದ ಗುಣವುಳ್ಳ ರ‍್ಯಾಬ್ಡೊಮಯೊಸಾರ್ಕೋಮಾ ಹೆಚ್ಚಾಗಿ ಮಕ್ಕಳಲ್ಲಿ ಕಂಡುಬರುತ್ತದೆ. ಸೈನೋವಿಯಲ್ ಸಾರ್ಕೋಮಾ ಎಂಬುದು ಹದಿಹರೆಯದವರಲ್ಲಿ, ಮೂವತ್ತರ ಆಸುಪಾಸಿನವರಲ್ಲಿ ಹೆಚ್ಚು. ಎಂದರೆ ಈ ಪುಟವನ್ನು ಓದುತ್ತಿರುವ ನಿಮ್ಮ ವಯಸ್ಸಿನವರಲ್ಲಿ.

ಕಾರಣವೇನು? ಹೆಚ್ಚಿನವರಲ್ಲಿ ಇಂಥದ್ದೇ ಕಾರಣ ಎಂದು ಬೆಟ್ಟು ಮಾಡಿ ತೋರಿಸಲಾಗುವುದಿಲ್ಲ. ಕೆಲವು ಕುಟುಂಬಗಳಲ್ಲಿ ಟಿಪಿ53 ಎಂಬ ಜೀನಿನ ದೋಷ ವಂಶದಲ್ಲಿ ಹರಿದುಬರುತ್ತದೆ. ಅಂಥವರಿಗೆ ಅಪಾಯ ಹೆಚ್ಚು. ಹಿಂದೆ ಬೇರೆ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದ ಜಾಗದಲ್ಲಿ ಹಲವು ವರ್ಷಗಳ ನಂತರ ಅಪರೂಪಕ್ಕೆ ಬರುವುದುಂಟು. ಇದು ಅಂಟುರೋಗವಂತೂ ಅಲ್ಲ. ಕಬಡ್ಡಿ ಆಡುವಾಗ ಬಿದ್ದ ಪೆಟ್ಟಿನಿಂದ ಗಂಟಾಯಿತು ಎಂದು ಹಲವರು ಹೇಳುತ್ತಾರೆ. ಪೆಟ್ಟಿನಿಂದ ಸಾರ್ಕೋಮಾ ಹುಟ್ಟುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಪೆಟ್ಟು ಬಿದ್ದಾಗ ಆ ಜಾಗವನ್ನು ಮುಟ್ಟಿ ನೋಡಿಕೊಳ್ಳುತ್ತೇವೆ, ಆಗ ಮೊದಲೇ ಇದ್ದ ಗಂಟು ಕೈಗೆ ಸಿಗುತ್ತದೆ, ಅಷ್ಟೆ.

ನೋವಿಲ್ಲ ಏಕೆ?

ಗಂಟು ನೋಯುತ್ತಿದ್ದರೆ ಯಾರೂ ಸುಮ್ಮನೆ ಕೂರುವುದಿಲ್ಲ. ಸಾರ್ಕೋಮಾದ ಕುಟಿಲತೆ ಇರುವುದೇ ಇಲ್ಲಿ. ತೊಡೆಯಂಥ ಜಾಗದಲ್ಲಿ ಸ್ನಾಯುಗಳ ನಡುವೆ ಬೇಕಾದಷ್ಟು ಎಡೆಯಿದೆ. ಅಲ್ಲಿ ಹುಟ್ಟಿದ ಗಡ್ಡೆ ಅಕ್ಕಪಕ್ಕದ ಸ್ನಾಯುವನ್ನು ಮೆಲ್ಲನೆ ಸರಿಸುತ್ತ ಬೆಳೆಯುತ್ತದೆ. ಅದು ನರವನ್ನು ಒತ್ತುವವರೆಗೆ ನೋವಿನ ಸುಳಿವೇ ಇರುವುದಿಲ್ಲ. ಆದ್ದರಿಂದ 'ನೋವಿಲ್ಲ, ಹಾಗಾಗಿ ಭಯವಿಲ್ಲ' ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ಯಾವ ಗಂಟಿಗೆ ಹೆದರಬೇಕು? ವೈದ್ಯರು ನಾಲ್ಕೈದು ಗುರುತುಗಳನ್ನು ಹೇಳುತ್ತಾರೆ. ಒಂದು, 5 ಸೆಂಟಿಮೀಟರಿಗಿಂತ ದೊಡ್ಡದು, ಎಂದರೆ ದಪ್ಪನೆಯ ಒಂದು ನಿಂಬೆಹಣ್ಣಿಗಿಂತ ದೊಡ್ಡದು. ಎರಡು, ದಿನದಿಂದ ದಿನಕ್ಕೆ ಬೆಳೆಯುತ್ತಿರುವುದು. ಮೂರು, ಚರ್ಮದಡಿಯಲ್ಲಿ ಜಾರದೆ ಆಳದಲ್ಲಿ, ಸ್ನಾಯುವಿಗೆ ಅಂಟಿದಂತೆ ಇರುವುದು. ನಾಲ್ಕು, ನೋವು ಹೊಸದಾಗಿ ಕಾಣಿಸಿಕೊಂಡಿರುವುದು. ಐದು, ಒಮ್ಮೆ ತೆಗೆಸಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಬಂದಿರುವುದು. ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಪರೀಕ್ಷೆ ಮಾಡಿಸಬೇಕು. ಗುರುತುಗಳು ಹೆಚ್ಚಿದಷ್ಟೂ ಅನುಮಾನ ಹೆಚ್ಚು.

ಬಿಜೂರಿನ ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲೆಂದು ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳೋಣ. ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಬಿಜೂರು ಅವನ ಊರು. ರಾಷ್ಟ್ರೀಯ ಹೆದ್ದಾರಿಯೂ ಕೊಂಕಣ ರೈಲಿನ ಹಳಿಯೂ ಹಾದುಹೋಗುವ ಕರಾವಳಿಯ ಗ್ರಾಮ. ಆ ಸೀಮೆಯ ಅನೇಕರಂತೆ ಅವನೂ ಬೆಂಗಳೂರಿನ ಹೋಟೆಲೊಂದರಲ್ಲಿ ದುಡಿಯುತ್ತಾನೆ. ವಯಸ್ಸು ಇಪ್ಪತ್ತೆರಡು. ಎಡತೊಡೆಯ ಒಳಬದಿಯಲ್ಲಿ ಆರು ತಿಂಗಳಿಂದ ಒಂದು ಗಂಟು. ಪ್ಯಾಂಟು ಒಂದು ಬದಿಗೆ ಬಿಗಿಯಾಗುತ್ತಿದೆ ಎಂಬುದನ್ನು ಬಿಟ್ಟರೆ ಬೇರೆ ತೊಂದರೆಯಿಲ್ಲ. ಹಬ್ಬಕ್ಕೆ ಊರಿಗೆ ಬಂದಾಗ ಮನೆಯಲ್ಲಿ ತೋರಿಸುತ್ತಾನೆ. "ನೋವಿಲ್ಲೆ ಅಲ್ದಾ ಮಗಾ, ಎಣ್ಣಿ ತಿಕ್ಕ್, ಕಮ್ಮಿ ಆತ್ತ್" ಎಂದು ತಾಯಿ ಹೇಳುತ್ತಾರೆ. ಪ್ರೀತಿಯ ಮಾತೇ, ಆದರೆ ತಿಕ್ಕಿದರೆ ಸಾರ್ಕೋಮಾ ಕರಗುವುದಿಲ್ಲ, ಕಾಲ ಮಾತ್ರ ಕಳೆಯುತ್ತದೆ.

ಇಲ್ಲಿಂದ ಮುಂದೆ ಅವನ ಎದುರು ಎರಡು ದಾರಿಗಳಿವೆ.

ಮೊದಲನೆಯ ದಾರಿ ಹತ್ತಿರದ್ದು. ಒಂದು ಸಣ್ಣ ಆಸ್ಪತ್ರೆಯಲ್ಲಿ ಕೊಬ್ಬಿನ ಗಂಟೆಂದು ತಿಳಿದು, ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅರ್ಧ ಗಂಟೆಯಲ್ಲಿ ತೆಗೆದುಬಿಡುತ್ತಾರೆ. ನಾಲ್ಕು ಹೊಲಿಗೆ. ತೆಗೆದ ಗಂಟನ್ನು ಪರೀಕ್ಷೆಗೆ ಕಳುಹಿಸುವುದಿಲ್ಲ. ಖರ್ಚು ಕಡಿಮೆ, ಎಲ್ಲರಿಗೂ ಸಂತೋಷ. ಎಂಟು ತಿಂಗಳಿಗೆ ಅದೇ ಜಾಗದಲ್ಲಿ ಗಂಟು ಮತ್ತೆ ಏಳುತ್ತದೆ, ಈ ಸಲ ಮೊದಲಿಗಿಂತ ವೇಗವಾಗಿ.

ಎರಡನೆಯ ದಾರಿ ಉದ್ದದ್ದು. ಬೈಂದೂರಿನ ಸಮುದಾಯ ಆರೋಗ್ಯ ಕೇಂದ್ರದಲ್ಲೋ ಕುಂದಾಪುರದ ಸರಕಾರಿ ಆಸ್ಪತ್ರೆಯಲ್ಲೋ ತೋರಿಸಿದಾಗ ವೈದ್ಯರು ಗಂಟನ್ನು ಅಳೆದು ನೋಡಿ, "ಇದಕ್ಕೆ ಇಲ್ಲಿ ಕತ್ತಿ ಹಾಕುವುದು ಬೇಡ, ಮಣಿಪಾಲಕ್ಕೆ ಹೋಗಿ" ಎಂದು ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಹೋದವನಿಗೆ ಏನೇನು ಮಾಡುತ್ತಾರೆ ಎಂಬುದನ್ನು ಈಗ ಒಂದೊಂದಾಗಿ ನೋಡೋಣ. ಮೊದಲನೆಯ ದಾರಿ ಏಕೆ ತಪ್ಪು ಎಂಬುದೂ ಅದರಿಂದಲೇ ತಿಳಿಯುತ್ತದೆ.

ಮೊದಲು ಚಿತ್ರ

ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಗಂಟಿನೊಳಗೆ ನೀರಿದೆಯೋ ಗಟ್ಟಿ ಅಂಗಾಂಶವಿದೆಯೋ ಎಂಬುದು ತಿಳಿಯುತ್ತದೆ. ಅನುಮಾನ ಬಂದರೆ ಮುಂದಿನದು ಎಂ.ಆರ್.ಐ. ಭೌತಶಾಸ್ತ್ರ ಓದುವವರಿಗೆ ಇದು ಸ್ವಾರಸ್ಯಕರ. ಸಾಮಾನ್ಯವಾಗಿ ಆಸ್ಪತ್ರೆಗಳಲ್ಲಿರುವ ಎಂ.ಆರ್.ಐ. ಯಂತ್ರದ ಕಾಂತಕ್ಷೇತ್ರ 1.5 ಟೆಸ್ಲಾ, ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು ಮೂವತ್ತು ಸಾವಿರ ಪಟ್ಟು ಪ್ರಬಲ. ದೇಹದ ನೀರಿನಲ್ಲೂ ಕೊಬ್ಬಿನಲ್ಲೂ ಇರುವ ಹೈಡ್ರೋಜನ್ ಬೀಜಗಳು ಈ ಕ್ಷೇತ್ರದಲ್ಲಿ ರೇಡಿಯೋ ಅಲೆಗೆ ಓಗೊಟ್ಟು ಸಂಕೇತ ಕೊಡುತ್ತವೆ. ಕೊಬ್ಬಿನ ಸಂಕೇತ ಒಂದು ಬಗೆ, ಸ್ನಾಯುವಿನದು ಇನ್ನೊಂದು, ಗಡ್ಡೆಯದು ಮತ್ತೊಂದು. ಹೀಗಾಗಿ ಗಡ್ಡೆ ಎಲ್ಲಿಂದ ಎಲ್ಲಿಗೆ ಹಬ್ಬಿದೆ, ಮುಖ್ಯ ರಕ್ತನಾಳದಿಂದ ಎಷ್ಟು ದೂರ, ನರವನ್ನು ಮುಟ್ಟಿದೆಯೇ, ಎಲುಬಿಗೆ ಒರಗಿದೆಯೇ ಎಂಬುದೆಲ್ಲ ನಕಾಶೆಯಂತೆ ಕಾಣುತ್ತದೆ. ಇದರಲ್ಲಿ ಕ್ಷ-ಕಿರಣದ ಬಳಕೆಯೇ ಇಲ್ಲ.

ಈ ಚಿತ್ರವನ್ನು ಸೂಜಿಗಿಂತ, ಕತ್ತಿಗಿಂತ ಮೊದಲೇ ತೆಗೆಯುವುದಕ್ಕೆ ಕಾರಣವಿದೆ. ಒಮ್ಮೆ ಕತ್ತಿ ಹಾಕಿದ ಮೇಲೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬಾವು ಬರುತ್ತದೆ, ಗಾಯ ಮಾಯುವಾಗ ಕಲೆಯ ಅಂಗಾಂಶ ಬೆಳೆಯುತ್ತದೆ. ಆಮೇಲೆ ತೆಗೆದ ಚಿತ್ರದಲ್ಲಿ ಗಡ್ಡೆ ಎಲ್ಲಿತ್ತು, ಎಷ್ಟಿತ್ತು ಎಂದು ಹೇಳುವುದೇ ಕಷ್ಟ. ನಮ್ಮ ಉದಾಹರಣೆಯ ಮೊದಲನೆಯ ದಾರಿಯಲ್ಲಿ ಕಳೆದುಹೋದದ್ದು ಈ ನಕಾಶೆ.

ಆಮೇಲೆ ಸೂಜಿ

ನಕಾಶೆ ಸಿಕ್ಕಿತು, ಆದರೆ ಗಡ್ಡೆ ಏನೆಂದು ಖಚಿತವಾಗಲಿಲ್ಲ. ಅದಕ್ಕೆ ಅದರ ಚೂರು ಬೇಕು. ಇದೇ ಬಯಾಪ್ಸಿ. ಸುಮಾರು 2 ಮಿಲಿಮೀಟರ್ ದಪ್ಪದ ಟೊಳ್ಳು ಸೂಜಿಯನ್ನು, ಜಾಗವನ್ನು ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡುತ್ತ ಗಡ್ಡೆಯೊಳಕ್ಕೆ ತೂರಿಸಿ ಎಳೆಯಷ್ಟು ತೆಳುವಾದ ಕೆಲವು ತುಂಡುಗಳನ್ನು ತೆಗೆಯುತ್ತಾರೆ. ಇದಕ್ಕೆ ಕೋರ್ ಬಯಾಪ್ಸಿ ಎಂದು ಹೆಸರು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಎಫ್.ಎನ್.ಎ.ಸಿ. ಎಂಬ ತೆಳು ಸೂಜಿಯ ಪರೀಕ್ಷೆಯೇ ಬೇರೆ. ಅದರಲ್ಲಿ ಬಿಡಿಬಿಡಿ ಜೀವಕೋಶಗಳು ಮಾತ್ರ ಬರುತ್ತವೆ. ಗೋಡೆ ಕೆಡವಿ ತಂದ ಇಟ್ಟಿಗೆಗಳನ್ನು ನೋಡಿ ಮನೆಯ ವಿನ್ಯಾಸ ಹೇಳಲಾದೀತೇ? ಸಾರ್ಕೋಮಾದ ಬಗೆಯನ್ನು ಹೇಳಲು ಜೀವಕೋಶಗಳು ಹೇಗೆ ಜೋಡಣೆಯಾಗಿವೆ ಎಂಬುದೂ ಕಾಣಬೇಕು.

'ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ' ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಬಲವಾಗಿದೆ. ಈ ಹೆದರಿಕೆಯಿಂದ ಬಯಾಪ್ಸಿಗೆ ಒಪ್ಪದೆ ಎದ್ದುಹೋಗುವವರಿದ್ದಾರೆ. ಸರಿಯಾದ ಜಾಗದಲ್ಲಿ ಸರಿಯಾದ ಕ್ರಮದಲ್ಲಿ ಮಾಡಿದ ಕೋರ್ ಬಯಾಪ್ಸಿಯಿಂದ ಹರಡುವ ಭಯವಿಲ್ಲವೆಂದೇ ಹೇಳಬಹುದು. ಆದರೆ ಸೂಜಿ ಹೋದ ದಾರಿಯನ್ನು ಶಸ್ತ್ರವೈದ್ಯರು ಮೊದಲೇ ಯೋಚಿಸಿರಬೇಕು. ಮುಂದೆ ಶಸ್ತ್ರಕ್ರಿಯೆ ಮಾಡುವಾಗ ಕತ್ತರಿಸುವ ಗೆರೆಯಲ್ಲೇ ಆ ದಾರಿ ಇರಬೇಕು. ಆದ್ದರಿಂದಲೇ ಎಲ್ಲಿ ಶಸ್ತ್ರಕ್ರಿಯೆಯಾಗುತ್ತದೋ ಅಲ್ಲೇ ಬಯಾಪ್ಸಿಯೂ ಆಗುವುದು ಒಳ್ಳೆಯದು.

ಸೂಕ್ಷ್ಮದರ್ಶಕದ ಅಡಿಯಲ್ಲಿ

ಆ ತುಂಡುಗಳು ಫಾರ್ಮಲಿನ್ ದ್ರಾವಣದಲ್ಲಿ ರೋಗನಿದಾನ ವಿಭಾಗಕ್ಕೆ ಹೋಗುತ್ತವೆ. ಅಲ್ಲಿ ಕೆಲಸ ಮಾಡುವ ತಜ್ಞರನ್ನು ರೋಗಿ ನೋಡುವುದೇ ಇಲ್ಲ; ಆದರೂ ಅವನ ಭವಿಷ್ಯ ಬಹುಮಟ್ಟಿಗೆ ಅವರ ಕೈಯಲ್ಲಿರುತ್ತದೆ. ಮೃದು ಅಂಗಾಂಶದ ಸಾರ್ಕೋಮಾದಲ್ಲಿ ಐವತ್ತಕ್ಕೂ ಹೆಚ್ಚು ಬಗೆಗಳಿವೆ. ಕೊಬ್ಬಿನ ಗುಣವಿದ್ದರೆ ಲೈಪೋಸಾರ್ಕೋಮಾ, ನಯಸ್ನಾಯುವಿನ ಗುಣವಿದ್ದರೆ ಲೆಯೋಮಯೊಸಾರ್ಕೋಮಾ, ರಕ್ತನಾಳದ ಒಳಪದರದ ಗುಣವಿದ್ದರೆ ಆಂಜಿಯೊಸಾರ್ಕೋಮಾ, ಹೀಗೆ. ಬಣ್ಣ ಹಾಕಿ ನೋಡಿದರೆ ಹಲವು ಬಗೆಗಳು ಒಂದೇ ರೀತಿ ಕಾಣುತ್ತವೆ. ಆಗ ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬಳಸಿ ಜೀವಕೋಶದ ಗುರುತು ಹಿಡಿಯುತ್ತಾರೆ.

ಕೆಲವು ಬಗೆಗಳ ಗುರುತು ವರ್ಣತಂತುಗಳಲ್ಲೇ ಇದೆ. ಸೈನೋವಿಯಲ್ ಸಾರ್ಕೋಮಾದಲ್ಲಿ ಎಕ್ಸ್ ವರ್ಣತಂತುವಿನ ಒಂದು ತುಂಡೂ 18ನೆಯ ವರ್ಣತಂತುವಿನ ಒಂದು ತುಂಡೂ ಅದಲುಬದಲಾಗಿ ಬೆಸೆದುಕೊಂಡಿರುತ್ತವೆ. ಆ ಬೆಸುಗೆ ಕಂಡರೆ ರೋಗದ ಹೆಸರು ಖಚಿತ.

ಬಗೆಯ ಜೊತೆಗೆ ದರ್ಜೆಯನ್ನೂ ಹೇಳುತ್ತಾರೆ. ಜೀವಕೋಶಗಳು ಮೂಲ ಅಂಗಾಂಶವನ್ನು ಎಷ್ಟು ಹೋಲುತ್ತವೆ, ಎಷ್ಟು ಕೋಶಗಳು ಒಡೆದು ಎರಡಾಗುತ್ತಿವೆ, ಗಡ್ಡೆಯ ಎಷ್ಟು ಭಾಗ ಸತ್ತುಹೋಗಿದೆ, ಈ ಮೂರನ್ನು ನೋಡಿ 1, 2, 3 ಎಂದು ದರ್ಜೆ ಕೊಡುತ್ತಾರೆ. 1ನೆಯ ದರ್ಜೆಯದು ನಿಧಾನ; 3ನೆಯದು ವೇಗ ಮತ್ತು ಹರಡುವ ಸ್ವಭಾವದ್ದು. ಸಾರ್ಕೋಮಾ ಹರಡುವುದು ಮುಖ್ಯವಾಗಿ ರಕ್ತದ ಮೂಲಕ, ಅದು ಮೊದಲು ಹೋಗಿ ನೆಲೆಸುವುದು ಹೆಚ್ಚಾಗಿ ಶ್ವಾಸಕೋಶದಲ್ಲಿ. ತೊಡೆಯ ಗಂಟಿಗೆ ಎದೆಯ ಸಿ.ಟಿ. ಸ್ಕ್ಯಾನ್ ಏಕೆ ಎಂದು ಕೇಳುವವರಿಗೆ ಇದೇ ಉತ್ತರ. ಅಮೆರಿಕದ ದಾಖಲೆಗಳ ಪ್ರಕಾರ ಗಡ್ಡೆ ಹುಟ್ಟಿದ ಜಾಗದಲ್ಲೇ ಇರುವಾಗ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ. ದೂರದ ಅಂಗಕ್ಕೆ ಹರಡಿದ ಮೇಲೆ ಪತ್ತೆಯಾದವರಲ್ಲಿ ಈ ಸಂಖ್ಯೆ 20ಕ್ಕಿಂತ ಕಡಿಮೆ. ಎಣ್ಣೆ ತಿಕ್ಕುತ್ತ ಕಳೆದ ತಿಂಗಳುಗಳ ಬೆಲೆ ಏನೆಂಬುದು ಈ ಎರಡು ಅಂಕಿಗಳಿಂದ ಗೊತ್ತಾಗುತ್ತದೆ.

ಕೊನೆಗೆ ಕತ್ತಿ

ಗದ್ದೆಯ ಬದುವಿನಲ್ಲಿ ಗರಿಕೆ ಕಿತ್ತ ಅನುಭವ ನಿಮ್ಮಲ್ಲಿ ಹಲವರಿಗೆ ಇರಬಹುದು. ಮೇಲಿನ ಹುಲ್ಲನ್ನು ಹಿಡಿದು ಎಳೆದರೆ ಕೈಗೆ ಬರುತ್ತದೆ. ಬುಡದ ಬಳ್ಳಿ ಮಣ್ಣಿನಲ್ಲೇ ಉಳಿದು ಮಳೆ ಬಿದ್ದೊಡನೆ ಚಿಗುರುತ್ತದೆ. ಗರಿಕೆ ಹೋಗಬೇಕಾದರೆ ಸುತ್ತಲಿನ ಮಣ್ಣಿನ ಹೆಂಟೆಯ ಸಮೇತ ಅಗೆದು ತೆಗೆಯಬೇಕು.

ಸಾರ್ಕೋಮಾವೂ ಹಾಗೆಯೇ. ಅದು ಬೆಳೆಯುತ್ತ ಸುತ್ತಲಿನ ಅಂಗಾಂಶವನ್ನು ಒತ್ತಿದಾಗ ಅಲ್ಲಿ ಚೀಲದಂಥ ಒಂದು ಪೊರೆ ಉಂಟಾಗುತ್ತದೆ. ನೋಡುವುದಕ್ಕೆ ಹಲಸಿನ ತೊಳೆ ಬಿಡಿಸಿದಂತೆ ಗಡ್ಡೆಯನ್ನು ಸಲೀಸಾಗಿ ಬಿಡಿಸಿ ತೆಗೆಯಬಹುದು ಎನಿಸುತ್ತದೆ. ಆದರೆ ಅದು ನಿಜವಾದ ಚೀಲವಲ್ಲ. ಅದರಲ್ಲೂ ಅದರ ಆಚೆಗೂ ಕ್ಯಾನ್ಸರ್ ಕೋಶಗಳಿರುತ್ತವೆ. ಪೊರೆಯೊಳಗಿಂದ ಗಡ್ಡೆಯನ್ನು ಬಿಡಿಸಿದರೆ ಆ ಕೋಶಗಳು ಅಲ್ಲೇ ಉಳಿಯುತ್ತವೆ. ಕತ್ತಿ, ರಕ್ತಗಳ ಜೊತೆ ಅಕ್ಕಪಕ್ಕಕ್ಕೂ ಸೇರಿಕೊಳ್ಳುತ್ತವೆ. ಮೊದಲನೆಯ ದಾರಿಯಲ್ಲಿ ಹೋದ ಯುವಕನಿಗೆ ಎಂಟು ತಿಂಗಳಲ್ಲಿ ಗಂಟು ಮರಳಿ ಬಂದದ್ದು ಹೀಗೆ. ಅವನಿಗೆ ಈಗ ಮೊದಲಿಗಿಂತ ಹೆಚ್ಚು ಮಾಂಸವನ್ನು ತೆಗೆಯಬೇಕಾಗುತ್ತದೆ. ಹಾಗೆಂದು ಅವನ ಬಾಗಿಲು ಮುಚ್ಚಿಹೋಗಿಲ್ಲ. ಕ್ಯಾನ್ಸರ್ ಕೇಂದ್ರಗಳಲ್ಲಿ ಇಂಥವರಿಗೆ ಮರುಶಸ್ತ್ರಕ್ರಿಯೆ ಮಾಡುತ್ತಾರೆ. ಮೊದಲ ಸಲ ತೆಗೆದ ಗಂಟನ್ನು ಪರೀಕ್ಷೆಗೆ ಕಳುಹಿಸಿದ್ದರೆ ಎಂಟು ತಿಂಗಳು ಮುಂಚೆಯೇ ಇದು ತಿಳಿಯುತ್ತಿತ್ತು.

ಸರಿಯಾದ ಶಸ್ತ್ರಕ್ರಿಯೆಯಲ್ಲಿ ವೈದ್ಯರು ಗಡ್ಡೆಯನ್ನು ಕಣ್ಣಿಂದ ನೋಡುವುದೇ ಇಲ್ಲ. ಅದರ ಸುತ್ತಲಿನ ಆರೋಗ್ಯವಂತ ಮಾಂಸದ ಪದರದ ಸಮೇತ, ಬಯಾಪ್ಸಿ ಮಾಡಿದ ದಾರಿಯ ಸಮೇತ ಇಡಿಯಾಗಿ ತೆಗೆಯುತ್ತಾರೆ. ತೆಗೆದ ಭಾಗದ ಅಂಚಿಗೆ ಶಾಯಿ ಬಳಿದು ಪರೀಕ್ಷಿಸುತ್ತಾರೆ. ಶಾಯಿ ಇರುವಲ್ಲಿ ಕ್ಯಾನ್ಸರ್ ಕೋಶ ಕಾಣದಿದ್ದರೆ ಅಂಚು ಶುದ್ಧ ಎಂದರ್ಥ.

ಕಾಲನ್ನು ಉಳಿಸಿದ ಪ್ರಯೋಗ

ಹಿಂದೆ ತೊಡೆಯಲ್ಲಿ ಸಾರ್ಕೋಮಾ ಎಂದರೆ ಕಾಲನ್ನೇ ಕತ್ತರಿಸುವುದು ರೂಢಿಯಾಗಿತ್ತು. ಅದನ್ನು ಬದಲಾಯಿಸಿದ್ದು ಒಂದು ಸಣ್ಣ ಪ್ರಯೋಗ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಸ್ಟೀವನ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು 43 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದರು. 16 ಮಂದಿಗೆ ಅಂಗಚ್ಛೇದನ. 27 ಮಂದಿಗೆ ಕೈಕಾಲು ಉಳಿಸುವ ಶಸ್ತ್ರಕ್ರಿಯೆ, ಜೊತೆಗೆ ವಿಕಿರಣ ಚಿಕಿತ್ಸೆ. ಎರಡೂ ಗುಂಪಿಗೆ ಔಷಧ ಚಿಕಿತ್ಸೆಯೂ ಇತ್ತು. 1982ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಂಗ ಉಳಿಸಿದ 27 ಮಂದಿಯಲ್ಲಿ 4 ಮಂದಿಗೆ ಅದೇ ಜಾಗದಲ್ಲಿ ರೋಗ ಮರಳಿತು. ಅಂಗಚ್ಛೇದನವಾದವರಲ್ಲಿ ಯಾರಿಗೂ ಮರಳಲಿಲ್ಲ. ಆದರೆ ಐದು ವರ್ಷ ಬದುಕುಳಿಯುವ ಪ್ರಮಾಣ ಒಂದರಲ್ಲಿ ನೂರಕ್ಕೆ 83, ಇನ್ನೊಂದರಲ್ಲಿ 88. ಸಂಖ್ಯಾಶಾಸ್ತ್ರದ ಪ್ರಕಾರ ಈ ವ್ಯತ್ಯಾಸ ಗಣನೀಯವಲ್ಲ. ಎಂದರೆ ಕಾಲು ಕತ್ತರಿಸಿದ್ದರಿಂದ ಜೀವಕ್ಕೆ ಹೆಚ್ಚಿನ ರಕ್ಷಣೆಯೇನೂ ಸಿಗಲಿಲ್ಲ. ಅಲ್ಲಿಂದ ಮುಂದೆ ಕೈಕಾಲು ಉಳಿಸುವುದೇ ನಿಯಮವಾಯಿತು, ಕತ್ತರಿಸುವುದು ಅಪವಾದವಾಯಿತು.

ವಿಕಿರಣ ಚಿಕಿತ್ಸೆ

ಕತ್ತಿಗೆ ಸಿಗದೆ ಉಳಿದಿರಬಹುದಾದ ಕೋಶಗಳ ಡಿ.ಎನ್.ಎ.ಯನ್ನು ಒಡೆಯುವುದು ವಿಕಿರಣದ ಕೆಲಸ. ಗಡ್ಡೆ ದೊಡ್ಡದಾಗಿದ್ದು ಆಳದಲ್ಲಿದ್ದರೆ, ದರ್ಜೆ ಹೆಚ್ಚಾಗಿದ್ದರೆ ಇದು ಬೇಕಾಗುತ್ತದೆ. ಶಸ್ತ್ರಕ್ರಿಯೆಗೆ ಮೊದಲು ಕೊಡುವುದಾದರೆ ಸಾಮಾನ್ಯವಾಗಿ 50 ಗ್ರೇ, ದಿನಕ್ಕೆ 2ರಂತೆ 25 ದಿನ, ವಾರಕ್ಕೆ ಐದು ದಿನದ ಲೆಕ್ಕದಲ್ಲಿ ಐದು ವಾರ. ನಂತರ ಕೊಡುವುದಾದರೆ 60ರಿಂದ 66 ಗ್ರೇ. ಯಾವುದು ಒಳ್ಳೆಯದು? ಕೆನಡಾದಲ್ಲಿ 190 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ವಿಕಿರಣ ಪಡೆದವರಲ್ಲಿ ನೂರಕ್ಕೆ 35 ಮಂದಿಗೆ ಗಾಯ ಮಾಯುವಲ್ಲಿ ತೊಂದರೆಯಾಯಿತು. ನಂತರ ಪಡೆದವರಲ್ಲಿ 17 ಮಂದಿಗೆ. ಆದರೆ ನಂತರ ಪಡೆದವರಿಗೆ ವಿಕಿರಣದ ಮೊತ್ತವೂ ವಿಸ್ತಾರವೂ ಹೆಚ್ಚು. ವರ್ಷಗಳ ಮೇಲೆ ಕಾಲು ಬಿಗಿದುಕೊಳ್ಳುವ ಸಂಭವವೂ ಹೆಚ್ಚು. ಮಾಯುವ ಗಾಯವೋ ಉಳಿಯುವ ಬಿಗಿತವೋ ಎಂಬುದನ್ನು ವೈದ್ಯರು ರೋಗಿಯ ಜೊತೆ ಕುಳಿತು ತೂಗಿ ನೋಡುತ್ತಾರೆ.

ಮಣ್ಣಿನಿಂದ, ಕಡಲಿನಿಂದ ಬಂದ ಔಷಧಗಳು

ಸಾರ್ಕೋಮಾಕ್ಕೆ ಮುಖ್ಯ ಔಷಧ ಡಾಕ್ಸೊರುಬಿಸಿನ್. ಇಟಲಿಯ ಮಣ್ಣಿನಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಯಿಂದ ಬಂದದ್ದು; ಕೆಂಪು ಬಣ್ಣದ್ದು. ಜೀವಿತಾವಧಿಯಲ್ಲಿ ಇಷ್ಟೇ ಕೊಡಬಹುದೆಂಬ ಮಿತಿ ಇದಕ್ಕಿದೆ, ಏಕೆಂದರೆ ಮಿತಿ ದಾಟಿದರೆ ಹೃದಯದ ಸ್ನಾಯು ಸೋಲುತ್ತದೆ. ಇದರ ಜೊತೆ ಐಫಾಸ್ಫಮೈಡ್ ಕೊಡುವುದುಂಟು. ಇಂಥ ಔಷಧಗಳಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಾಗಬಹುದು. ಎಳೆಯ ವಯಸ್ಸಿನ ರೋಗಿಗಳು ಚಿಕಿತ್ಸೆ ಶುರುವಾಗುವ ಮುನ್ನವೇ ಈ ಬಗ್ಗೆ ಸಂಕೋಚವಿಲ್ಲದೆ ಕೇಳಬೇಕು. ಮಕ್ಕಳ ರ‍್ಯಾಬ್ಡೊಮಯೊಸಾರ್ಕೋಮಾದಲ್ಲಿ ಔಷಧದ ಪಾತ್ರ ದೊಡ್ಡದು; ದೊಡ್ಡವರ ಎಲ್ಲ ಬಗೆಗಳಿಗೂ ಅದು ಬೇಕಾಗುವುದಿಲ್ಲ.

ಕರಾವಳಿಯ ಓದುಗರಿಗೆ ಇನ್ನೊಂದು ಸಂಗತಿ. ಟ್ರಾಬೆಕ್ಟೆಡಿನ್ ಎಂಬ ಔಷಧ ಮೊದಲು ದೊರೆತದ್ದು ಕೆರಿಬಿಯನ್ ಕಡಲಿನ ಒಂದು ಪುಟ್ಟ ಜೀವಿಯಲ್ಲಿ. ಚೀಲದಂಥ ಮೈಯ ಈ ಜೀವಿ ಕಾಂಡ್ಲಾ ಗಿಡದ ಬೇರುಗಳಿಗೆ ಅಂಟಿಕೊಂಡು ಬದುಕುತ್ತದೆ. ಅಮೆರಿಕದಲ್ಲಿ 2015ರಲ್ಲಿ ಲೈಪೋಸಾರ್ಕೋಮಾ, ಲೆಯೋಮಯೊಸಾರ್ಕೋಮಾಗಳಿಗೆ ಇದನ್ನು ಒಪ್ಪಿದರು.

ರೋಗದ ಬಗೆ ತಿಳಿದರೆ ಎಷ್ಟು ಲಾಭ ಎಂಬುದಕ್ಕೆ ಜಿಸ್ಟ್ ಎಂಬ ಜಠರ-ಕರುಳಿನ ಸಾರ್ಕೋಮಾ ಒಳ್ಳೆಯ ಸಾಕ್ಷಿ. ಹಳೆಯ ಔಷಧಗಳು ಅದನ್ನು ಅಲುಗಿಸುತ್ತಿರಲಿಲ್ಲ. 1998ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಮೂಲ 'ಕಿಟ್' ಎಂಬ ಜೀನಿನ ದೋಷದಲ್ಲಿದೆ ಎಂದು ತೋರಿಸಿದರು. 2000ದಲ್ಲಿ ಫಿನ್ಲೆಂಡಿನ ಒಬ್ಬ ರೋಗಿಗೆ ಆ ದೋಷವನ್ನೇ ತಡೆಯುವ ಇಮಾಟಿನಿಬ್ ಮಾತ್ರೆ ಕೊಟ್ಟಾಗ ಗಡ್ಡೆಗಳು ಕುಗ್ಗಿದವು. 2013ರ ಏಪ್ರಿಲ್ 1ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಈ ಔಷಧದ ಒಂದು ರೂಪಕ್ಕೆ ಪೇಟೆಂಟ್ ನಿರಾಕರಿಸಿತು. ಹೀಗಾಗಿ ಭಾರತದ ಕಂಪನಿಗಳು ಅದನ್ನು ಕಡಿಮೆ ಬೆಲೆಗೆ ತಯಾರಿಸುವುದು ಮುಂದುವರಿಯಿತು.

ದಾರಿ ಮತ್ತು ಖರ್ಚು

ಬಿಜೂರಿನಿಂದ ಮಣಿಪಾಲಕ್ಕೆ ಅರವತ್ತರಿಂದ ಎಪ್ಪತ್ತು ಕಿಲೋಮೀಟರ್. 25 ದಿನದ ವಿಕಿರಣಕ್ಕೆ ದಿನವೂ ಹೋಗಿಬರುವುದಾದರೆ ಮೂರು ಸಾವಿರ ಕಿಲೋಮೀಟರ್ ಆಗುತ್ತದೆ. ಕಾಲು ನೋಯುವ ರೋಗಿ, ಜೊತೆಗೆ ಕೆಲಸ ಬಿಟ್ಟು ಬರುವ ಇನ್ನೊಬ್ಬರು. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇಂಥ ಕಷ್ಟಗಳಿಂದ. ಆದ್ದರಿಂದ ಮೊದಲ ದಿನವೇ ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಉಳಿಯುವ ವ್ಯವಸ್ಥೆ ಕೇಳಿ.

ಕರ್ನಾಟಕದಲ್ಲಿ ಸರಕಾರದ ದೊಡ್ಡ ಕ್ಯಾನ್ಸರ್ ಕೇಂದ್ರವೆಂದರೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆ. 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಬೆಂಗಳೂರಿನಲ್ಲಿ ದುಡಿಯುವವರಿಗೆ ಅದು ಹತ್ತಿರ. ಮುಂಬಯಿಯಲ್ಲಿರುವ ನಮ್ಮವರಿಗೆ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಇದಕ್ಕೆ ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಆದ್ದರಿಂದ ಮೊದಲು ಊರಿನ ಸರಕಾರಿ ವೈದ್ಯರಲ್ಲಿಗೆ ಹೋಗುವುದು ಎರಡು ರೀತಿಯಲ್ಲೂ ಒಳ್ಳೆಯದು.

ಚಿಕಿತ್ಸೆ ಮುಗಿದ ಮೇಲೂ ಮೊದಲ ಎರಡು ಮೂರು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ಕಾಲನ್ನೂ ಎದೆಯನ್ನೂ ಪರೀಕ್ಷಿಸಬೇಕು. ಶ್ವಾಸಕೋಶದಲ್ಲಿ ಸಣ್ಣ ಗಂಟು ಬೇಗ ಸಿಕ್ಕರೆ ಅದನ್ನೂ ಶಸ್ತ್ರಕ್ರಿಯೆಯಿಂದ ತೆಗೆಯಲು ಸಾಧ್ಯವಾಗುತ್ತದೆ.

ನಿಮ್ಮ ಪಾಲಿನ ಕೆಲಸ

ಇದನ್ನೆಲ್ಲ ವಿದ್ಯಾರ್ಥಿಗಳಾದ ನಿಮಗೇ ಏಕೆ ಹೇಳಬೇಕು? ನಮ್ಮ ಅನೇಕ ಮನೆಗಳಲ್ಲಿ ಇಂಗ್ಲಿಷ್ ರಿಪೋರ್ಟ್ ಓದಬಲ್ಲವರು, ವೈದ್ಯರನ್ನು ಎದುರು ಕುಳಿತು ಪ್ರಶ್ನೆ ಕೇಳಬಲ್ಲವರು ನೀವೇ. ಅಣ್ಣನ ತೊಡೆಯ ಗಂಟಿಗೆ ನಾಳೆ ಬೆಳಿಗ್ಗೆ ಸಣ್ಣ ಆಪರೇಷನ್ ಎಂದು ಮನೆಯಲ್ಲಿ ಮಾತು ಬಂದಾಗ ನೀವು ಮೂರು ಪ್ರಶ್ನೆ ಕೇಳಬಹುದು. ಗಂಟು ಎಷ್ಟು ಸೆಂಟಿಮೀಟರ್ ಇದೆ? ಚಿತ್ರ ತೆಗೆಸಿದ್ದಾರೆಯೇ? ಸೂಜಿಯ ಪರೀಕ್ಷೆ ಆಗಿದೆಯೇ? ಸಣ್ಣ ಗಂಟೆಂದು ತೆಗೆದಾಗಿದ್ದರೆ ನಾಲ್ಕನೆಯ ಪ್ರಶ್ನೆ: ತೆಗೆದದ್ದನ್ನು ಪರೀಕ್ಷೆಗೆ ಕಳುಹಿಸಿದ್ದಾರೆಯೇ? ಈ ಪ್ರಶ್ನೆಗಳನ್ನು ವಿನಯದಿಂದ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಪಡುವುದಿಲ್ಲ.

ಎಲ್ಲ ರಿಪೋರ್ಟುಗಳನ್ನೂ, ಸ್ಕ್ಯಾನ್ ಫಿಲ್ಮುಗಳನ್ನೂ, ಬಯಾಪ್ಸಿಯ ಸ್ಲೈಡುಗಳನ್ನೂ ತಾರೀಖಿನ ಕ್ರಮದಲ್ಲಿ ಒಂದು ಫೈಲಿನಲ್ಲಿ ಇಡಿ. ಬೇರೆ ಆಸ್ಪತ್ರೆಗೆ ಹೋಗಬೇಕಾದಾಗ ರೋಗಿಯ ಜೊತೆಗೆ ಮೊದಲು ಹೊರಡಬೇಕಾದದ್ದು ಆ ಫೈಲು.